ಗಲ್ಲಾದ ಹಿಂದಿನ ಲೂಸ್ ಕಾಂಟ್ಯಾಕ್ಟ್

ದಿನಸಿ ಅಂಗಡಿಗೆ ಸಂಜೆ ಏಳರಿಂದ ಒಂಬತ್ತು ಉಸಿರಾಡಲು ಬಿಡುವಿಲ್ಲದ ಹೊತ್ತು. ಕೌಂಟರಿನ ಮೇಲೆ ಸಾಮಾನಿನ ರಾಶಿ, ಅದರ ಹಿಂದೆ ಗಿರಾಕಿಗಳ ಸಾಲು. ಬಿಲ್ ಹಾಕುವ ಹುಡುಗಿ ಎಂಟರ್ ಒತ್ತುತ್ತಾಳೆ, ಪ್ರಿಂಟರ್ ಸುಮ್ಮನಿರುತ್ತದೆ. ಇನ್ನೊಮ್ಮೆ ಒತ್ತುತ್ತಾಳೆ, ಮತ್ತೊಮ್ಮೆ ಒತ್ತುತ್ತಾಳೆ. “ಅಣ್ಣಾ, ಮತ್ತೆ ಹೋಯ್ತು.” ಮಾಲೀಕರು ಗಲ್ಲಾ ಬಿಟ್ಟೇಳದೆ, “ಹಿಂದೆ ವೈರ್ ಸ್ವಲ್ಪ ಅಲ್ಲಾಡ್ಸಮ್ಮ” ಅನ್ನುತ್ತಾರೆ. ಅಲ್ಲಾಡಿಸಿದ ಕೂಡಲೇ ಸರಸರನೆ ಮೂರು ಬಿಲ್ಲು ಹೊರಬರುತ್ತವೆ. ಮೂರೂ ಒಬ್ಬರದೇ.

ವೈರ್ ಅಲ್ಲಾಡಿಸುವುದು, ಪ್ಲಗ್ಗು ಕಿತ್ತು ಮತ್ತೆ ಹಾಕುವುದು, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುವುದು, ಈ ಮೂರಕ್ಕೂ ಒಳ್ಳೆಯ ಕೈಗುಣ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ಯಂತ್ರ ಸರಿಹೋಗುವ ಹೊತ್ತಿಗೆ ಅದು ಕೆಟ್ಟಿದ್ದರ ಗುರುತೂ ಅಳಿಸಿಹೋಗಿರುತ್ತದೆ. ಪೂರ್ತಿ ಕೆಟ್ಟ ಯಂತ್ರದ ರಿಪೇರಿ ಅಷ್ಟೇನೂ ಕಷ್ಟವಲ್ಲ, ಅದು ಎಲ್ಲೂ ಓಡಿಹೋಗದೆ ಕೆಟ್ಟೇ ಕೂತಿರುತ್ತದೆ. ಆಗಾಗ ಕೆಡುವ ಯಂತ್ರ ಮಾತ್ರ ಮೆಕ್ಯಾನಿಕ್ ಬಂದಾಗ ಮಹಾ ಸಾಧು. ಹೀಗಾಗಿ ಅಂಗಡಿಯಲ್ಲಿ ಮೊದಲು ಪ್ರಿಂಟರ್ ಬದಲಾಗುತ್ತದೆ, ಆಮೇಲೆ ಕಂಪ್ಯೂಟರ್ ಬದಲಾಗುತ್ತದೆ, ಕೊನೆಗೆ ಸಾಫ್ಟ್‌ವೇರ್ ಹಾಕಿಕೊಟ್ಟವನಿಗೆ ಬೈಗುಳ ಬೀಳುತ್ತದೆ. ಕೌಂಟರಿನ ಹಿಂದೆ ನೇತಾಡುತ್ತಿರುವ ಹಳೆಯ ಕೇಬಲ್ಲು ಈ ಎಲ್ಲ ಬದಲಾವಣೆಗಳ ನಡುವೆ ಅಲ್ಲೇ ಉಳಿದಿರುತ್ತದೆ.

ಇಂಥ ದೋಷ ಹಿಡಿಯಲು ‘ಏನು ಕೆಟ್ಟಿದೆ’ ಎಂದು ಕೇಳಿ ಪ್ರಯೋಜನವಿಲ್ಲ. ಕೇಳಿದ ಗಳಿಗೆಯಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ‘ಯಾವಾಗ ಕೆಡುತ್ತದೆ’ ಎಂದು ಕೇಳಬೇಕು. ಸ್ಕ್ಯಾನರಿನ ಗುಂಡಿ ಒತ್ತಿದಾಗಲೋ, ಊಟದ ಬಿಡುವಿನ ನಂತರವೋ, ಕರೆಂಟು ಹೋಗಿ ಬಂದ ಮೇಲೋ, ಫ್ರೀಜರ್ ಗುಂಯ್ ಎಂದಾಗಲೋ? ಒಂದೊಂದು ಉತ್ತರವೂ ಒಂದೊಂದು ಬೇರೆ ಭೌತಿಕ ಕಾರಣದತ್ತ ಬೆರಳು ತೋರಿಸುತ್ತದೆ.

ಮೊದಲಿಗೆ, ಅಲ್ಲಾಡಿಸಿದರೆ ಏಕೆ ಸರಿಹೋಗುತ್ತದೆ? ಪ್ಲಗ್ಗಿನೊಳಗೆ ಎರಡು ಲೋಹದ ಪಟ್ಟಿಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕಣ್ಣಿಗೆ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಬ್ಬುತಗ್ಗು. ಎರಡೂ ನಿಜವಾಗಿ ಮುಟ್ಟುವುದು ಕೆಲವು ಉಬ್ಬುಗಳ ತುದಿಯಲ್ಲಿ ಮಾತ್ರ, ಕರೆಂಟೆಲ್ಲ ಆ ಚುಕ್ಕೆಗಳ ಮೂಲಕವೇ ನುಸುಳಿ ಹೋಗಬೇಕು. ಕಳೆದ ಶತಮಾನದ ಮೊದಲರ್ಧದಲ್ಲಿ ಸ್ವೀಡನ್ನಿನ ರಾಗ್ನರ್ ಹೋಮ್ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಬರ್ಲಿನ್ನಿನ ಸೀಮೆನ್ಸ್‌ನಲ್ಲಿದ್ದ ಅವರ ಲೆಕ್ಕಾಚಾರವೇ ಇಂದಿಗೂ ಸ್ವಿಚ್ಚು, ಪ್ಲಗ್ಗುಗಳ ವಿನ್ಯಾಸಕ್ಕೆ ತಳಹದಿ.

ಇನ್ನು ಬಿಲ್ಲಿಂಗ್ ಕೌಂಟರಿನ ಪರಿಸ್ಥಿತಿ ನೋಡಿ. ಬಿಲ್ಲು ಬಂದಾಗಲೆಲ್ಲ ಪ್ರಿಂಟರಿನ ಕಟ್ಟರ್ ಟಕ್ ಎಂದು ಹೊಡೆಯುತ್ತದೆ. ಕ್ಯಾಶ್ ಡ್ರಾಯರ್ ಧಡ್ ಎಂದು ತೆರೆದು ಧಡ್ ಎಂದು ಮುಚ್ಚುತ್ತದೆ. ಪ್ರತಿ ಸಲವೂ ಪ್ಲಗ್ಗಿನೊಳಗಿನ ಪಟ್ಟಿಗಳು ಕೂದಲಿನ ದಪ್ಪಕ್ಕಿಂತ ಕಡಿಮೆ ದೂರ ಅತ್ತಿತ್ತ ಉಜ್ಜಿಕೊಳ್ಳುತ್ತವೆ. ತವರದ ಲೇಪವಿದ್ದರೆ ಉಜ್ಜಿದಲ್ಲೆಲ್ಲ ಹೊಸ ಲೋಹ ಹೊರಬೀಳುತ್ತದೆ, ಗಾಳಿ ತಾಗಿ ಆಕ್ಸೈಡ್ ಆಗುತ್ತದೆ, ಮತ್ತೆ ಉಜ್ಜಿ ಅದು ಪುಡಿಯಾಗುತ್ತದೆ. ತವರದ ಆಕ್ಸೈಡ್ ಕರೆಂಟನ್ನು ಸರಿಯಾಗಿ ಹರಿಯಬಿಡದು. ಮಿಲಿ ಓಮ್‌ಗಳಲ್ಲಿದ್ದ ಪ್ರತಿರೋಧ ಇಂಥ ಪುಡಿಯಿಂದ ಓಮ್‌ಗಳಿಗೆ ಏರುತ್ತದೆ. ವೈರ್ ಅಲ್ಲಾಡಿಸಿದಾಗ ಪುಡಿ ಅತ್ತ ಸರಿದು ಹೊಸ ಉಬ್ಬುಗಳು ಮುಟ್ಟಿಕೊಳ್ಳುತ್ತವೆ. ಮತ್ತೆ ನಾಲ್ಕು ದಿನ ನೆಮ್ಮದಿ, ಅಷ್ಟರಲ್ಲಿ ಅಲ್ಲೂ ಪುಡಿ ಕೂಡುತ್ತದೆ. ಹೆಸರು ‘ಲೂಸ್ ಕಾಂಟ್ಯಾಕ್ಟ್’ ಎಂದಿದ್ದರೂ ಪ್ಲಗ್ಗು ಬಿಗಿಯಾಗಿಯೇ ಕೂತಿರಬಹುದು.

ಚಿನ್ನಕ್ಕೆ ಈ ಕಾಯಿಲೆ ಇಲ್ಲ, ಅದಕ್ಕೇ ಒಳ್ಳೆಯ ಕನೆಕ್ಟರುಗಳಿಗೆ ತೆಳುವಾಗಿ ಚಿನ್ನ ಲೇಪಿಸುತ್ತಾರೆ. ಪ್ರತಿ ಸಲ ಕಿತ್ತು ಹಾಕಿದಾಗ ಆ ಲೇಪವೂ ಸವೆಯುತ್ತದೆ. ಕಂಪ್ಯೂಟರಿನ ಅಗಲ ಬಾಯಿಯ ಮಾಮೂಲಿ ಯುಎಸ್‌ಬಿ ಸಾಕೆಟ್ 1,500 ಸಲ ಹಾಕಿ ತೆಗೆಯುವುದನ್ನು ತಾಳಿಕೊಳ್ಳಬೇಕೆಂದು ಮಾನದಂಡ ಹೇಳುತ್ತದೆ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಕಿತ್ತು ಹಾಕುವ ರೂಢಿಯಿರುವ ಅಂಗಡಿ ಎರಡು ವರ್ಷ ದಾಟುವಷ್ಟರಲ್ಲಿ ಆ ಲೆಕ್ಕ ಮುಗಿಸಿರುತ್ತದೆ. ಅಂದರೆ ರಿಪೇರಿಯೇ ರೋಗವನ್ನು ಬೆಳೆಸುತ್ತಿರುತ್ತದೆ. ಇನ್ನು ಕೆಲವರು ಉಪ್ಪುಕಾಗದ ತಂದು ಪಿನ್ನು ಉಜ್ಜುತ್ತಾರೆ. ಅಂದು ಪಳಪಳ ಹೊಳೆಯುತ್ತದೆ ನಿಜ, ಆದರೆ ಇದ್ದಬದ್ದ ಚಿನ್ನವೂ ಹೋಗಿರುತ್ತದೆ. ಪ್ಲಗ್ಗು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಸಾಕು.

ಸ್ಕ್ಯಾನರಿಗೆ ಬರೋಣ. ಅಂಗಡಿಯಲ್ಲಿ ಬಾರ್‌ಕೋಡ್ ಓದುವ ಈ ಯಂತ್ರಕ್ಕೆ ಐವತ್ತು ವರ್ಷ ದಾಟಿತು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪ್ಯಾಕ್ ರಿಗ್ಲೀಸ್ ಚ್ಯೂಯಿಂಗ್ ಗಮ್ಮನ್ನು ಓದಿದ್ದು ಅದರ ಮೊದಲ ಬೋಣಿ. ನಮ್ಮಲ್ಲಿ ಬಿಸ್ಕೆಟ್ಟಿನಿಂದ ಸೋಪಿನವರೆಗೆ ಕಾಣುವ ಹದಿಮೂರು ಅಂಕಿಯ ಕೋಡಿನಲ್ಲಿ ಮೊದಲ ಮೂರು ಸಾಮಾನ್ಯವಾಗಿ 890, ಅದು ಭಾರತದಲ್ಲಿ ನೋಂದಾಯಿಸಿದ ಸಂಖ್ಯೆ. ಕೊನೆಯ ಅಂಕಿ ಕಾವಲುಗಾರ. ಉಳಿದ ಹನ್ನೆರಡನ್ನು ಒಂದು ಬಿಟ್ಟು ಒಂದು ಮೂರರಿಂದ ಗುಣಿಸಿ ಕೂಡಿಸಿದಾಗ ಬರುವ ಮೊತ್ತವನ್ನು ಮುಂದಿನ ಹತ್ತರ ಮಗ್ಗಿಗೆ ತಲುಪಿಸಲು ಎಷ್ಟು ಬೇಕೋ ಅದೇ ಆ ಅಂಕಿ. ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಸ್ಕ್ಯಾನರ್ ಬೀಪ್ ಅನ್ನುವುದಿಲ್ಲ. ಆದ್ದರಿಂದ ಅರಿಶಿನದ ಪುಡಿ ಮೆತ್ತಿದ ಗಾಜಿನಿಂದ ಸ್ಕ್ಯಾನರ್ ಓದದೇ ಹೋಗಬಹುದೇ ಹೊರತು ತಪ್ಪು ಓದುವುದು ಅಪರೂಪ.

ಆದರೆ ಅದರ ಬಾಲದಲ್ಲಿರುವ ಕೇಬಲ್ಲಿನ ವಿಷಯ ಬೇರೆ. ಯುಎಸ್‌ಬಿ ಕೇಬಲ್ಲಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಏನೋ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ. ‘28ಎಡಬ್ಲ್ಯುಜಿ/1ಪಿ, 24ಎಡಬ್ಲ್ಯುಜಿ/2ಸಿ’ ಎಂದಿದ್ದರೆ ಮಾಹಿತಿಯ ಜೋಡಿ 28 ಗೇಜು, ಕರೆಂಟಿನ ಎರಡು ತಂತಿ 24 ಗೇಜು ಎಂದರ್ಥ. ಅಗ್ಗದ ಕೇಬಲ್ಲಿನಲ್ಲಿ ಎಲ್ಲವೂ 28. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. 28 ಗೇಜಿನ ತಾಮ್ರಕ್ಕೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. ಮೂರು ಮೀಟರ್ ಕೇಬಲ್ಲಿನಲ್ಲಿ ಕರೆಂಟು ಹೋಗಿ ಬರಲು ಆರು ಮೀಟರ್ ಆಗುತ್ತದೆ, ಒಟ್ಟು 1.28 ಓಮ್ ಹತ್ತಿರ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ ಗರಿಷ್ಠ 500 ಮಿಲಿ ಆಂಪಿಯರ್ ಹರಿದರೆ ದಾರಿಯಲ್ಲೇ 0.64 ವೋಲ್ಟ್ ಖರ್ಚು. ಈಚೆ 5 ಇದ್ದದ್ದು ಆಚೆ 4.36. ಅದೇ 24 ಗೇಜಾಗಿದ್ದರೆ ಕಾಲು ವೋಲ್ಟ್ ಮಾತ್ರ ಹೋಗುತ್ತಿತ್ತು. ಇದಕ್ಕೆ ಪ್ಲಗ್ಗಿನ ಪುಡಿಯಿಂದ ಅರ್ಧ ಓಮ್ ಸೇರಿಕೊಂಡರೆ ಇನ್ನೊಂದು ಕಾಲು ವೋಲ್ಟ್ ಹೋಯಿತು.

ಸುಮ್ಮನೆ ಇಟ್ಟಿದ್ದಾಗ ಸ್ಕ್ಯಾನರ್ ಹೆಚ್ಚು ಕರೆಂಟು ಎಳೆಯುವುದಿಲ್ಲ, ಗುಂಡಿ ಒತ್ತಿ ಅದರ ದೀಪ ಹೊತ್ತಿದಾಗ ಎಳೆಯುತ್ತದೆ. ವೋಲ್ಟೇಜು ಕುಸಿಯುವುದು, ಒಳಗಿನ ಚಿಪ್ ಮೂರ್ಛೆ ಹೋಗಿ ಎಚ್ಚರವಾಗುವುದು ಆಗಲೇ. ಇದಕ್ಕೆ ಕಿವಿಯೇ ಸಾಕ್ಷಿ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಬಹುತೇಕ ಸ್ಕ್ಯಾನರುಗಳು ಎರಡು ಮೂರು ಸ್ವರದ ಒಂದು ಸಣ್ಣ ರಾಗ ಹಾಡುತ್ತವೆ. ಅದೇ ರಾಗ ವ್ಯಾಪಾರದ ನಡುವೆ ಕೇಳಿಸಿತೆಂದರೆ ಸ್ಕ್ಯಾನರಿಗೆ ಕರೆಂಟು ತಪ್ಪಿ ಮತ್ತೆ ಬಂದಿದೆ. ಸಾಫ್ಟ್‌ವೇರ್ ತಪ್ಪಿನಿಂದ ಆ ರಾಗ ಬರುವುದಿಲ್ಲ. ಒಂದೇ ಪೋರ್ಟಿಗೆ ನಾಲ್ಕು ಬಾಯಿಯ ಹಬ್ ಚುಚ್ಚಿ, ಅದಕ್ಕೆ ಬೇರೆ ಅಡಾಪ್ಟರ್ ಕೊಡದೆ, ಸ್ಕ್ಯಾನರು, ಕೀಬೋರ್ಡು, ಪೆನ್ ಡ್ರೈವ್ ಎಲ್ಲ ಸಿಕ್ಕಿಸಿದ ಅಂಗಡಿಗಳಲ್ಲಿ ಈ ಸಂಗೀತ ಪದೇಪದೇ ಕೇಳಬಹುದು. ಅಂಥ ಹಬ್ ತನ್ನ ಒಂದೊಂದು ಬಾಯಿಗೆ ಕೊಡಲು ಬದ್ಧವಾಗಿರುವುದು 100 ಮಿಲಿ ಆಂಪಿಯರ್ ಮಾತ್ರ.

ಕರೆಂಟು ಒಂದು ಕ್ಷಣ ತಪ್ಪಿದರೆ ಅಷ್ಟೊಂದು ರಾದ್ಧಾಂತ ಏಕೆ ಎಂದು ಕೇಳಬಹುದು. ಬಲ್ಬು ಮಿಣುಕಿದರೆ ತಕ್ಷಣ ಮತ್ತೆ ಹೊತ್ತುತ್ತದೆ. ಯುಎಸ್‌ಬಿ ಸಾಧನ ಹಾಗಲ್ಲ, ಅದು ಪ್ರತಿ ಸಲವೂ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕು. ಸಾಧನ ತನ್ನ ಒಂದು ಮಾಹಿತಿ ತಂತಿಯನ್ನು 1.5 ಕಿಲೋ ಓಮ್ ಪ್ರತಿರೋಧಕದ ಮೂಲಕ ಮೇಲಕ್ಕೆ ಎಳೆದು ಹಿಡಿಯುತ್ತದೆ. ಅದನ್ನು ಕಂಡು ಕಂಪ್ಯೂಟರ್ ‘ಯಾರೋ ಬಂದರು’ ಎಂದು ತಿಳಿಯುತ್ತದೆ, ಹೆಸರು, ಕುಲ, ಕಸುಬು ಎಲ್ಲ ವಿಚಾರಿಸಿ ಒಂದು ನಂಬರು ಕೊಡುತ್ತದೆ. ಎಳೆತ ತಪ್ಪಿದರೆ ‘ಹೋದರು’ ಎಂದು ಲೆಕ್ಕ. ಬಿಲ್ಲಿಂಗ್ ಸಾಫ್ಟ್‌ವೇರು ಹಳೆಯ ನಂಬರನ್ನೇ ಹಿಡಿದು ಕೂತಿದ್ದರೆ, ಪ್ರಿಂಟರ್ ವಾಪಸು ಬಂದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಆಗ ಸಾಫ್ಟ್‌ವೇರ್ ಮುಚ್ಚಿ ತೆಗೆದರೆ ಸರಿಹೋಗುತ್ತದೆ, ಬೈಗುಳವೂ ಸಾಫ್ಟ್‌ವೇರಿಗೇ ಬೀಳುತ್ತದೆ.

ಈ ಪರಿಚಯದ ಕಾರ್ಯಕ್ರಮದಲ್ಲಿ ಇನ್ನೊಂದು ತಮಾಷೆ ಇದೆ. ಕೆಲವು ಅಗ್ಗದ ಪ್ರಿಂಟರುಗಳಿಗೆ ತಮ್ಮದೇ ಆದ ಕ್ರಮಸಂಖ್ಯೆ ಇರುವುದಿಲ್ಲ. ಅಂಥದ್ದನ್ನು ವಿಂಡೋಸ್ ಗುರುತಿಸುವುದು ಯಾವ ಸಾಕೆಟ್ಟಿನಲ್ಲಿ ಕೂತಿದೆ ಎಂಬುದರ ಮೇಲೆ. ಗುಡಿಸುವಾಗ ಕಿತ್ತ ಪ್ಲಗ್ಗನ್ನು ಪಕ್ಕದ ಸಾಕೆಟ್ಟಿಗೆ ಹಾಕಿದರೆ, ಹಳೆ ಪ್ರಿಂಟರಿಗೇ ‘ಕಾಪಿ 1’ ಎಂದು ಬಾಲ ಸೇರಿದ ಹೊಸ ಹೆಸರು ಹುಟ್ಟುತ್ತದೆ. ಬಿಲ್ಲುಗಳು ಹಳೆಯ ಹೆಸರಿಗೇ ಹೋಗಿ ಅಲ್ಲೇ ಕೊಳೆಯುತ್ತವೆ. ತಕ್ಕಡಿಗೆ ಹಾಕುವ ಸೀರಿಯಲ್ ಕನ್ವರ್ಟರಿನ ಕತೆಯೂ ಇದೇ, ಕಾಮ್ 3 ಇದ್ದದ್ದು ಕಾಮ್ 5 ಆಗಿರುತ್ತದೆ. ಸಾಕೆಟ್ಟಿಗೂ ಪ್ಲಗ್ಗಿಗೂ ಒಂದೇ ಬಣ್ಣದ ಟೇಪ್ ಸುತ್ತಿಬಿಟ್ಟರೆ ಈ ಅಧ್ಯಾಯ ಮುಗಿಯಿತು.

ಊಟದ ಬಿಡುವಿನ ನಂತರದ ಮೊದಲ ಬಿಲ್ಲೇ ಕೈಕೊಡುತ್ತಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಕೆಲಸವಿಲ್ಲದೆ ಕೂತ ಯುಎಸ್‌ಬಿ ಸಾಧನವನ್ನು ವಿದ್ಯುತ್ ಉಳಿಸಲೆಂದು ವಿಂಡೋಸ್ ಮಲಗಿಸುತ್ತದೆ. ಎಬ್ಬಿಸಿದಾಗ ಏಳದ ಸಾಧನಗಳೂ ಇವೆ. ಪವರ್ ಸೆಟ್ಟಿಂಗಿನಲ್ಲಿ ಈ ಮಲಗಿಸುವ ಏರ್ಪಾಡನ್ನು ನಿಲ್ಲಿಸಬಹುದು.

ಇನ್ನು ಬಿಲ್ಲು ಮುದ್ರಿಸುವ ಥರ್ಮಲ್ ಪ್ರಿಂಟರ್. ಅದರಲ್ಲಿ ಶಾಯಿ ಇಲ್ಲ, ಕಾಗದಕ್ಕೇ ಬಿಸಿ ತಾಗಿದರೆ ಕಪ್ಪಾಗುವ ಲೇಪವಿದೆ. ಮೂರಿಂಚಿನ ಕಾಗದದ ಪ್ರಿಂಟರಿನ ತಲೆಯಲ್ಲಿ ಮಿಲಿಮೀಟರಿಗೆ ಎಂಟರಂತೆ ಸಾಲಾಗಿ 576 ಸಣ್ಣ ಬಿಸಿಚುಕ್ಕೆಗಳು ಇರುತ್ತವೆ. ಅಕ್ಷರ ಮುದ್ರಿಸುವಾಗ ಒಂದು ಸಾಲಿನಲ್ಲಿ ಕೆಲವೇ ಚುಕ್ಕೆ ಬಿಸಿಯಾಗುತ್ತವೆ. ಅಂಗಡಿಯ ಲೋಗೋ ಎಂದು ಮೇಲೆ ದಪ್ಪ ಕಪ್ಪು ಪಟ್ಟಿ ಹಾಕಿಸಿಕೊಂಡಿದ್ದರೆ ನೂರಾರು ಒಟ್ಟಿಗೇ ಬಿಸಿಯಾಗಬೇಕು, ಕರೆಂಟಿನ ಬೇಡಿಕೆ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಸೊರಗಿದ ಅಡಾಪ್ಟರ್ ಅಲ್ಲಿ ಕೈಚೆಲ್ಲುತ್ತದೆ. ಬಿಲ್ಲು ಸರಿಯಾಗಿ ಲೋಗೋ ಹತ್ತಿರವೇ ನಿಲ್ಲುತ್ತಿದ್ದರೆ ಕೇಬಲ್ ಬದಲಿಸಿ ಫಲವಿಲ್ಲ, ಅಡಾಪ್ಟರ್ ನೋಡಬೇಕು. ಕ್ಯಾಶ್ ಡ್ರಾಯರ್ ತೆರೆಯುವ ಕರೆಂಟೂ ಸಾಮಾನ್ಯವಾಗಿ ಬರುವುದು ಪ್ರಿಂಟರಿನ ಬೆನ್ನಿನಿಂದಲೇ, ಟೆಲಿಫೋನ್ ಪಿನ್ನಿನಂಥ ಒಂದು ಪಿನ್ನಿನ ಮೂಲಕ. ಹಾಗಾಗಿ ಡ್ರಾಯರ್ ತೆರೆಯುತ್ತಿಲ್ಲ ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪಿತಸ್ಥ ಪ್ರಿಂಟರ್.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ತಕ್ಕಡಿಯ ಕೇಬಲ್. ಉಳಿದವು ಕೆಟ್ಟರೆ ಬಿಲ್ಲು ನಿಲ್ಲುತ್ತದೆ, ತಕ್ಕಡಿಯದು ಕೆಟ್ಟರೆ ಬಿಲ್ಲು ತಪ್ಪಬಹುದು. 1996ರಲ್ಲಿ ಬಂದ ಯುಎಸ್‌ಬಿ ಕಳಿಸುವ ಪ್ರತಿ ಕಂತಿನ ಜೊತೆ ತಾಳೆ ನೋಡುವ ಸಂಖ್ಯೆಯೊಂದು ಇರುತ್ತದೆ. ತಾಳೆಯಾಗದಿದ್ದರೆ ಮತ್ತೆ ಕಳಿಸುತ್ತದೆ, ಮೂರು ಸಲ ಸೋತ ಮೇಲೆ ಕೈಬಿಡುತ್ತದೆ. ತಕ್ಕಡಿಗಳು ಇಂದಿಗೂ ಆಡುವುದು 1960ರಲ್ಲಿ ಹುಟ್ಟಿದ ಆರ್‌ಎಸ್-232 ಎಂಬ ಹಿರಿಯಜ್ಜನ ಭಾಷೆ. ಅದರಲ್ಲಿ ಇರಬಹುದಾದ ಕಾವಲೆಂದರೆ ಪ್ಯಾರಿಟಿ ಎಂಬ ಒಂದೇ ಒಂದು ‘ಬಿಟ್’, ಅಂದರೆ ಒಂದು 0 ಅಥವಾ 1, ಅದನ್ನೂ ಎಷ್ಟೋ ಕಡೆ ಬಳಸುವುದಿಲ್ಲ. ಕಂಪ್ಯೂಟರಿನ ಲಿಪಿಯಲ್ಲಿ 0 ಎಂಬ ಅಂಕಿ 00110000, 8 ಎಂಬುದು 00111000. ನಡುವೆ ಒಂದು ಬಿಟ್ ತಿರುಗಿದರೆ 1.050 ಕಿಲೋ 1.850 ಕಿಲೋ ಆಗುತ್ತದೆ. ತೂಗುತ್ತಿರುವುದು ಗೋಡಂಬಿಯಾದರೆ ಜಗಳ ಗ್ಯಾರಂಟಿ. ಸತತ ಎರಡು ಮೂರು ಓದುಗಳು ಒಂದೇ ಆಗಿದ್ದರೆ ಮಾತ್ರ ತೂಕವನ್ನು ಒಪ್ಪುವಂತೆ ಸಾಫ್ಟ್‌ವೇರಿನವರಿಗೆ ಹೇಳಬೇಕು. ಎರಡೂ ಕಡೆ ಪ್ಯಾರಿಟಿ ಹಾಕಿಸಬೇಕು. ತಕ್ಕಡಿಯ ಪರದೆಯನ್ನೂ ಬಿಲ್ಲನ್ನೂ ಆಗಾಗ ಹೋಲಿಸಿ ನೋಡಬೇಕು. ತಕ್ಕಡಿಯನ್ನು ಬಿಚ್ಚಲು ಮಾತ್ರ ಹೋಗಬಾರದು, ಅದರ ಮೇಲಿರುವುದು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ.

ಬಿಟ್ಟನ್ನು ತಿರುಗಿಸುವವರು ಯಾರು? ತಕ್ಕಡಿ ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ. ಇಬ್ಬರ ‘ಸೊನ್ನೆ ವೋಲ್ಟ್’ ಒಂದೇ ಆಗಿರಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಆಗಿರುವುದಿಲ್ಲ, ವ್ಯತ್ಯಾಸವೆಲ್ಲ ಮಾಹಿತಿಯ ಕೇಬಲ್ಲಿನ ಮೂಲಕವೇ ಹರಿಯುತ್ತದೆ. ಕಂಪ್ಯೂಟರ್ ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಅದು ಎಲೆಕ್ಟ್ರಿಷಿಯನ್ ಕೆಲಸ, ತಡಮಾಡುವಂಥದ್ದಲ್ಲ. ಇದರ ಮೇಲೆ ಐಸ್‌ಕ್ರೀಮ್ ಫ್ರೀಜರ್ ಕೂಡ ಅದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದರೆ ಮುಗಿದೇ ಹೋಯಿತು. ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ನಿಲ್ಲುವಾಗ ಅದರ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಬಾಗಿಲು ತೆಗೆದು ತೆಗೆದು ನೋಡಿದಷ್ಟೂ ಕಂಪ್ರೆಸರ್ ಹೆಚ್ಚು ಸಲ ಓಡುತ್ತದೆ. ಪ್ರಿಂಟರಿಗೂ ಕುಲ್ಫಿಗೂ ಎಲ್ಲಿಯ ನಂಟು ಎಂದು ಯಾರಿಗೂ ಅನಿಸುವುದಿಲ್ಲ, ಹೊತ್ತು ಬರೆದಿಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ. ಕಲಬುರಗಿ, ರಾಯಚೂರಿನ ಕಡೆಯ ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆಯವರು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಸ್ಕ್ಯಾನರ್ ಮುಟ್ಟಿದಾಗ ಚಟ್ ಎನ್ನುವುದೂ ಇದೇ ಜಾತಿಯ ಕಾಟ. ಆ ಚಟ್ ನಮ್ಮ ಅನುಭವಕ್ಕೆ ಬರಬೇಕಾದರೆ ಸುಮಾರು 3,000 ವೋಲ್ಟ್ ಬೇಕು, ಚಿಪ್ಪಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ವೈರೇ ಬೇಡ ಎಂದು ವೈರ್‌ಲೆಸ್ ಸ್ಕ್ಯಾನರ್ ತಂದರೂ ಪಾರಾಗುವಂತಿಲ್ಲ. ಅದರ ಪುಟ್ಟ ಡಾಂಗಲನ್ನು ಕಂಪ್ಯೂಟರಿನ ನೀಲಿ ಸಾಕೆಟ್ಟಿನ ಪಕ್ಕ ಚುಚ್ಚಿ, ನೀಲಿಯದಕ್ಕೆ ಬ್ಯಾಕಪ್ ಡಿಸ್ಕ್ ಹಾಕಿದರೆ ಸ್ಕ್ಯಾನರಿಗೆ ಕಿವಿ ಕೇಳದಂತಾಗಬಹುದು. ನೀಲಿ ಸಾಕೆಟ್ ಯುಎಸ್‌ಬಿ 3.0, ಅದರ ವೇಗದ ಮಾಹಿತಿ ಹರಿವು ಇಂಥ ಡಾಂಗಲುಗಳು ಬಳಸುವ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ರೇಡಿಯೊ ಗದ್ದಲ ಸೂಸುತ್ತದೆ ಎಂದು ಇಂಟೆಲ್ 2012ರಲ್ಲೇ ವರದಿ ಮಾಡಿತ್ತು. ಡಾಂಗಲನ್ನು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಒಂದೆರಡು ಅಡಿ ದೂರ ತಂದರೆ ಸಾಕು. ನೆಟ್‌ವರ್ಕ್ ಪ್ರಿಂಟರಿಗೆ ಕರೆಂಟು ಹೋಗಿ ಬಂದ ಮೇಲೆ ರೂಟರ್ ಬೇರೆ ವಿಳಾಸ ಕೊಟ್ಟಿರಬಹುದು, ಕಂಪ್ಯೂಟರ್ ಖಾಲಿ ಮನೆಯ ಬಾಗಿಲು ಬಡಿಯುತ್ತಿರುತ್ತದೆ. ರೂಟರಿನಲ್ಲಿ ಆ ವಿಳಾಸವನ್ನು ಪ್ರಿಂಟರಿಗೇ ಕಾಯಂ ಮಾಡಿಸಬಹುದು.

ಇಷ್ಟು ಶಂಕಿತರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತ ಕೂತರೆ ದೀಪಾವಳಿ ಕಳೆದು ಯುಗಾದಿ ಬರುತ್ತದೆ. ಅರ್ಧಕ್ಕೆ ಅರ್ಧ ಬಿಟ್ಟುಬಿಡುವ ಉಪಾಯ ಮಾಡಬೇಕು. ಬಹಳಷ್ಟು ಥರ್ಮಲ್ ಪ್ರಿಂಟರುಗಳಲ್ಲಿ ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ತನ್ನಷ್ಟಕ್ಕೆ ತಾನೇ ಪರೀಕ್ಷಾ ಚೀಟಿ ಮುದ್ರಿಸುತ್ತದೆ. ಅದು ಸೊಗಸಾಗಿ ಬಂದರೆ ತಲೆ, ಕಾಗದ, ಕಟ್ಟರ್ ಆ ಹೊತ್ತಿಗಂತೂ ನಿರಪರಾಧಿಗಳು, ದೋಷ ಕೇಬಲ್ಲಿನಿಂದ ಈಚೆಗಿರುವ ಸಂಭವವೇ ಹೆಚ್ಚು. ಸ್ಕ್ಯಾನರಿಗೆ ನೋಟ್‌ಪ್ಯಾಡ್ ತೆರೆದು ಸೋಪಿನ ಪೊಟ್ಟಣ ಓದಿಸಿ. ಅಂಕಿಗಳು ಮೂಡಿದರೆ ಕೇಬಲ್ ತನಕ ಎಲ್ಲ ಸರಿ. ಅಕ್ಷರಗಳಿರುವ ಅಂಗಡಿಯ ಸ್ವಂತ ಲೇಬಲ್ ಓದಿಸಿದಾಗ ಕನ್ನಡದ ಅರ್ಥವಿಲ್ಲದ ಅಕ್ಷರಗಳು ಮೂಡಿದರೆ ಗಾಬರಿ ಬೇಡ. ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಒಂದು ಕೀಬೋರ್ಡ್. ಯಾರೋ ಕನ್ನಡ ಟೈಪ್ ಮಾಡಿ ಭಾಷೆ ಬದಲಿಸದೆ ಎದ್ದುಹೋಗಿದ್ದಾರೆ, ಅಷ್ಟೆ.

ಎರಡು ಕೌಂಟರ್ ಇರುವ ಅಂಗಡಿಯವರು ಅದೃಷ್ಟವಂತರು. ಹೊಸ ಕೇಬಲ್ ತರುವ ಮೊದಲು ಎರಡೂ ಕೌಂಟರುಗಳ ಕೇಬಲ್ಲುಗಳನ್ನು ಅದಲುಬದಲು ಮಾಡಬೇಕು, ಬೇರೆ ಏನನ್ನೂ ಮುಟ್ಟಬಾರದು. ಕಾಟ ಎರಡನೇ ಕೌಂಟರಿಗೆ ಹೋದರೆ ಅದು ಕೇಬಲ್ಲಿನ ಜೊತೆ ಹೋಯಿತು. ಮೊದಲನೆಯದರಲ್ಲೇ ಉಳಿದರೆ ಕೇಬಲ್ ಬಿಡುಗಡೆ, ಮುಂದಿನ ಸರದಿ ಅಡಾಪ್ಟರಿನದು. ಹೊಸ ಕೇಬಲ್ ಹಾಕಿದಾಗ ಸರಿಹೋದರೆ ಹಳೆಯದು ಕೆಟ್ಟಿತ್ತೋ, ಕಿತ್ತು ಹಾಕಿದ್ದರಿಂದ ಸಾಕೆಟ್ಟಿನ ಪುಡಿ ಉದುರಿತೋ ತಿಳಿಯುವುದಿಲ್ಲ. ಅದಲುಬದಲಿನಲ್ಲಿ ದೋಷ ಎಲ್ಲಿ ಮತ್ತೆ ತಲೆಯೆತ್ತುತ್ತದೆಯೋ ಅಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಕಾಯಬೇಕು. ಬಹುಮಂದಿ ಸೋಲುವುದು ಇಲ್ಲೇ. ದಿನಕ್ಕೆ ಸರಾಸರಿ ಒಂದು ಸಲ, ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಕೈಕೊಡುವ ಪ್ರಿಂಟರನ್ನು ತೆಗೆದುಕೊಳ್ಳಿ. ನೀವು ಏನೂ ಮಾಡದಿದ್ದರೂ ಅದು ಒಂದು ಇಡೀ ದಿನ ಸುಮ್ಮನಿರುವ ಸಂಭವ ಶೇ. 37. ಎರಡು ದಿನ ಸುಮ್ಮನಿರುವ ಸಂಭವ ಸುಮಾರು ಶೇ. 14, ಮೂರು ದಿನ ಶೇ. 5. ಅಂದರೆ ಮೆಕ್ಯಾನಿಕ್ ಬಂದು ಏನೋ ಮುಟ್ಟಿ, ಮರುದಿನ ತೊಂದರೆ ಬರದಿದ್ದರೆ ಅದು ರಿಪೇರಿಯ ಪುಣ್ಯವೋ, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತೋ ಹೇಳಲಾಗದು. ದೋಷ ಸರಾಸರಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಯೋ ಅದರ ಮೂರು ಪಟ್ಟು ಕಾಲ ಬಾರದೇ ಇದ್ದರೆ ಸರಿಹೋಗಿದೆ ಎಂದು ಒಂದಷ್ಟು ಧೈರ್ಯವಾಗಿ ಹೇಳಬಹುದು. ದಿನಕ್ಕೊಮ್ಮೆ ಬರುವುದಾದರೆ ಮೂರು ದಿನ, ವಾರಕ್ಕೊಮ್ಮೆಯಾದರೆ ಮೂರು ವಾರ. ಅಷ್ಟು ದಿನ ಇನ್ನೇನನ್ನೂ ಬದಲಿಸಬಾರದು. ಉದ್ರಿ ಬರೆಯುವ ಪುಸ್ತಕದ ಕೊನೆಯ ಪುಟದಲ್ಲೇ ಗೀಚಿಟ್ಟರೂ ಆಯಿತು: ತಾರೀಕು, ಹೊತ್ತು, ಏನು ನಿಂತಿತು, ಆಗ ಇನ್ನೇನು ನಡೆಯುತ್ತಿತ್ತು. ‘ಮಂಗಳವಾರ 7-40, ಪ್ರಿಂಟರ್, ಫ್ರೀಜರ್ ಶುರುವಾಯ್ತು’ ಎಂಬಂಥ ಸಾಲುಗಳು ಒಂದು ಪುಟ ತುಂಬಿದರೆ ಕಂಪ್ಯೂಟರ್ ರಿಪೇರಿಯವರು ಅರ್ಧ ಕೆಲಸ ಮುಗಿದಂತೆಂದು ಸಂತೋಷಪಡುತ್ತಾರೆ.

ಕೇಬಲ್ಲೇ ತಪ್ಪಿತಸ್ಥ ಎಂದು ಖಚಿತವಾದ ಮೇಲೆ ಅದನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ‘ಇರಲಿ, ಯಾವುದಕ್ಕಾದರೂ ಆಗುತ್ತೆ’ ಎಂದು ಕೌಂಟರಿನ ಕೆಳಗಿನ ಡಬ್ಬಿಗೆ ಹಾಕಬೇಡಿ. ಹೊರನೋಟಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳ ನಂತರ ಅದನ್ನೇ ಯಾರೋ ತಕ್ಕಡಿಯ ಕನ್ವರ್ಟರಿಗೋ ಸ್ಕ್ಯಾನರಿಗೋ ಸಿಕ್ಕಿಸಿರುತ್ತಾರೆ. ಗೋಣಿಚೀಲದ ಬಾಯಿ ಬಿಚ್ಚಲು ಇಟ್ಟಿರುವ ಕತ್ತರಿಯಿಂದ ಎರಡು ತುಂಡು ಮಾಡಿ ಕಸಕ್ಕೆ ಹಾಕಿ.